ಸೋಮವಾರಪೇಟೆ ಸುನಿಲ್ ಮತ್ತು ನಮ್ಮ ಮನೆ ಗುಂಪು

ಭಾನುವಾರ ಬೆಳಿಗ್ಗೆ ಮೈಸೂರು ಚಿಕ್ಕಪ್ಪ ಮನೆ ಗುಂಪಿಗೆ ಒಂದು ಫೋಟೋ ಹಾಕಿದರು. ಕೊಡಗಿನ ಸೋಮವಾರಪೇಟೆಯ ಹಾಕಿ ಆಟಗಾರ ಎಸ್.ವಿ. ಸುನಿಲ್. ಕೆಳಗೆ ದೊಡ್ಡ ಹಳದಿ ಅಕ್ಷರ: ‘ಅಪ್ಪ ತೀರಿಕೊಂಡರೂ ದೇಶಕ್ಕಾಗಿ ಆಡಿದ ಕನ್ನಡಿಗ. 264 ಪಂದ್ಯ, 72 ಗೋಲು, ಒಂದೂ ಒಲಿಂಪಿಕ್ ಪದಕ ಇಲ್ಲ. ಕಣ್ಣಲ್ಲಿ ನೀರು ಬಂದರೆ ಹತ್ತು ಗುಂಪಿಗೆ ಕಳಿಸಿ.’ ಮಧ್ಯೆ ಬಂದ ಶುಭೋದಯದ ಗುಲಾಬಿಗಳನ್ನು ತೆಗೆದರೆ ಮಾತು ನಡೆದಿದ್ದು ಹೀಗೆ.

ದೊಡ್ಡಪ್ಪ: ಹುಡುಗ ಚೆನ್ನಾಗಿ ಓಡುತ್ತಿದ್ದ, ಇಲ್ಲ ಅನ್ನಲ್ಲ. ಆದರೆ ಫಾರ್ವರ್ಡ್ ಆಟಗಾರನಿಗೆ ನಾಲ್ಕು ಪಂದ್ಯಕ್ಕೆ ಒಂದು ಗೋಲಿನ ಲೆಕ್ಕ ಕಮ್ಮಿ ಆಯ್ತಲ್ವಾ?

ಪುಟ್ಟಿ: ದೊಡ್ಡಪ್ಪಾ, ಅವರು ಆಡಿದ್ದು ರೈಟ್ ವಿಂಗ್, ಅಂದ್ರೆ ಮೈದಾನದ ಬಲ ಅಂಚಿನಲ್ಲಿ. ಗೋಲಿನ ಎದುರು ನಿಂತು ಕಾಯುವ ಕೆಲಸ ಅಲ್ಲ ಅದು.

ದೊಡ್ಡಪ್ಪ: ಮತ್ತೇನು ಕೆಲಸ ಹೇಳು ತಾಯಿ. ನೀನೂ ಕಾಲೇಜಿಗೆ ಆಡ್ತೀಯಲ್ಲ.

ಪುಟ್ಟಿ: ಹಾಕಿ ಸ್ಟಿಕ್‌ಗೆ ಚಪ್ಪಟೆ ಮುಖ ಒಂದೇ. ಎಡಗೈ ಆಟಗಾರರಿಗೆ ಅಂತ ಬೇರೆ ಸ್ಟಿಕ್ ಇಲ್ಲ. ರೈಟ್ ವಿಂಗ್ ಆಟಗಾರ ಗೆರೆ ಪಕ್ಕದಲ್ಲಿ ಡಿಫೆಂಡರನ ಹೊರಗಿನಿಂದ ದಾಟಿದರೆ, ಚೆಂಡು ಆ ಡಿಫೆಂಡರನ ಎಡಕ್ಕೆ ಹೋಗುತ್ತೆ. ಅವನು ಸ್ಟಿಕ್ ಮಗುಚಿ ರಿವರ್ಸ್‌ನಲ್ಲಿ ತಡೆಯಬೇಕು. ಅಷ್ಟರಲ್ಲಿ ಸುನಿಲ್ ತರದ ಓಟಗಾರ ಎರಡು ಹೆಜ್ಜೆ ಮುಂದೆ ಹೋಗಿರ್ತಾರೆ. ಅಲ್ಲಿಂದ ಡಿ ಒಳಗೆ, ಅಂದ್ರೆ ಗೋಲಿನ ಮುಂದಿನ ಅರ್ಧವೃತ್ತದೊಳಗೆ, ಜೋರಾಗಿ ಹೊಡೀತಾರೆ. ನಮ್ಮವರ ಸ್ಟಿಕ್ಕಿಗೆ ಸಿಕ್ಕಿದರೆ ಅದು ಅವರ ಹೆಸರಿನ ಗೋಲು. ಡಿಫೆಂಡರನ ಕಾಲಿಗೆ ಬಡಿದರೆ ಪೆನಾಲ್ಟಿ ಕಾರ್ನರ್, ಅಂದ್ರೆ ಗೋಲಿಗೆ ಹೊಡೆಯೋಕೆ ನಮಗೆ ಸಿಗೋ ವಿಶೇಷ ಅವಕಾಶ. ಅದನ್ನು ತಂಡದ ರಘುನಾಥೋ ರೂಪಿಂದರೋ ಫ್ಲಿಕ್ ಮಾಡಿ ಗೋಲು ಹಾಕ್ತಿದ್ರು. ಸ್ಕೋರಿನಲ್ಲಿ ಸುನಿಲ್ ಹೆಸರು ಎಲ್ಲಿ ಬರುತ್ತೆ ಹೇಳಿ?

ಚಿಕ್ಕಪ್ಪ: ನನ್ನ ಮಗಳು ಪುಟ್ಟಿ 👏

ನಾನು: ಚಿಕ್ಕಪ್ಪ, ಚಪ್ಪಾಳೆ ಆಮೇಲೆ. ‘ಒಂದೂ ಒಲಿಂಪಿಕ್ ಪದಕ ಇಲ್ಲ’ ಅನ್ನೋ ಸಾಲು ಯಾಕೆ ಕಳಿಸಿದಿರಿ? 2014ರಲ್ಲಿ ಇಂಚಿಯಾನ್ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿ ಇದ್ದರು. ಪಾಕಿಸ್ತಾನದ ಮೇಲೆ, ಅದೂ ಶೂಟೌಟ್‌ನಲ್ಲಿ. 2016ರಲ್ಲಿ ಚಾಂಪಿಯನ್ಸ್ ಟ್ರೋಫಿ ಬೆಳ್ಳಿ. 2017ರಲ್ಲಿ ಢಾಕಾದಲ್ಲಿ ಏಷ್ಯಾ ಕಪ್, ಅದೇ ವರ್ಷ ಅರ್ಜುನ ಪ್ರಶಸ್ತಿ. ಕಾರ್ಡಿನಲ್ಲಿ ಇದ್ಯಾವುದೂ ಇಲ್ಲ.

ಚಿಕ್ಕಪ್ಪ: ಒಲಿಂಪಿಕ್ಸ್ ಅಂದ್ರೆ ಒಲಿಂಪಿಕ್ಸೇ ಕಣೋ. ಲಂಡನ್‌ನಲ್ಲಿ ಕೊನೇ ಸ್ಥಾನ. ರಿಯೊದಲ್ಲಿ ಕ್ವಾರ್ಟರ್ ಫೈನಲ್‌ನಲ್ಲೇ ಮನೆಗೆ. ಟೋಕಿಯೊದಲ್ಲಿ ಕಂಚು ಬಂತು, ಅವನು ತಂಡದಲ್ಲೇ ಇರಲಿಲ್ಲ.

ನಾನು: ಟೋಕಿಯೊಗೆ ತಂಡ ಹೋಗಿದ್ದು ಹೇಗೆ? 2019ರ ನವೆಂಬರ್‌ನಲ್ಲಿ ಭುವನೇಶ್ವರದಲ್ಲಿ ರಷ್ಯಾ ಜೊತೆ ಎರಡು ಅರ್ಹತಾ ಪಂದ್ಯ. ಮೊದಲನೆಯದನ್ನು ಭಾರತ 4-2ರಲ್ಲಿ ಗೆದ್ದಿತು. ಅದರಲ್ಲಿ ಒಂದು ಗೋಲು ಸುನಿಲ್‌ದು. ಅದಕ್ಕೂ ಹಿಂದಿನ ವರ್ಷ ಮೊಣಕಾಲು ಪೆಟ್ಟಾಗಿ, ಅದೇ ಊರಿನ ವಿಶ್ವಕಪ್ ತಪ್ಪಿತ್ತು. ವಾಪಸ್ ಬಂದು ಹಾಕಿದ ಗೋಲು. ಟೋಕಿಯೊ ಪದಕದ ಕಥೆಯಲ್ಲಿ ಅದನ್ನು ಬಿಟ್ಟು ಮಾತಾಡೋದು ಸರಿಯಾ?

ದೊಡ್ಡಪ್ಪ: ಇದು ಗೊತ್ತಿರಲಿಲ್ಲ.

ಬೆಂಗಳೂರು ಅತ್ತೆ: ಗೋಲು ಗೀಲು ನನಗೆ ಗೊತ್ತಾಗಲ್ಲ. ಅಪ್ಪ ಹೋದಾಗ ಮಗ ಊರಿಗೆ ಬರಲಿಲ್ಲ ಅನ್ನೋದನ್ನ ಹೆಮ್ಮೆ ಅಂತ ಹಾಕಿದ್ದಾರಲ್ಲ, ಅದೇ ನನಗೆ ಸರಿ ಕಾಣಲಿಲ್ಲ.

ಚಿಕ್ಕಪ್ಪ: ದೇಶಕ್ಕೋಸ್ಕರ ಅಕ್ಕಾ!

ಬೆಂಗಳೂರು ಅತ್ತೆ: ನೀನು ಸುಮ್ನಿರು. ಮೊನ್ನೆ ಅಣ್ಣನ ಕಾಲು ಉಳುಕಿದ್ದಕ್ಕೆ ಆಫೀಸಿಗೆ ರಜೆ ಹಾಕಿ ಬಂದವನು ನೀನು.

ಚಿಕ್ಕಪ್ಪ: 🙏

ನಾನು: ಅತ್ತೆ, ಅದು 2009. ಮಲೇಷ್ಯಾದ ಇಪೊದಲ್ಲಿ ಅಜ್ಲಾನ್ ಷಾ ಕಪ್ ಹಾಕಿ ಟೂರ್ನಿ ನಡೀತಿತ್ತು. ಹುಡುಗನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅಲ್ಲೇ ಉಳಿದು ಆಡಿದ, ಆ ವರ್ಷ ಕಪ್ ಭಾರತಕ್ಕೆ ಬಂತು. ಸರಿಯೋ ತಪ್ಪೋ, ಅದು ಅವನ ಮನೆ ವಿಷಯ. ಹನ್ನೆರಡು ವರ್ಷ ಆದಮೇಲೂ ಅದನ್ನೇ ಮೊದಲ ಸಾಲು ಮಾಡಿ ಹತ್ತು ಗುಂಪಿಗೆ ಹಂಚೋದು ನನಗೂ ಇಷ್ಟ ಆಗಲಿಲ್ಲ.

ಬೆಂಗಳೂರು ಅತ್ತೆ: ಹನ್ನೆರಡು ಯಾಕೆ?

ನಾನು: 2021ರ ಅಕ್ಟೋಬರ್‌ನಲ್ಲಿ ನಿವೃತ್ತಿ. ಅಲ್ಲಿಗೆ ಹನ್ನೆರಡು. ಆಗಲೇ ಶುರುವಾಯ್ತು ಈ ಫೋಟೋಗಳ ಹಾವಳಿ.

ಪುಟ್ಟಿ: ಅಪ್ಪಾ, ಸುನಿಲ್ ಚಿಕ್ಕಂದಿನಲ್ಲಿ ಸ್ಟಿಕ್ ಕೊಳ್ಳೋಕಾಗದೆ ಬಿದಿರಿನ ಕೋಲಲ್ಲಿ ಆಡಿದರಂತೆ ಅಂತ ಇನ್ನೊಂದು ಬರುತ್ತೆ ನೋಡಿ. ಅದಕ್ಕೂ ಅಳ್ತೀರಾ?

ಚಿಕ್ಕಪ್ಪ: ಅದು ನಿನ್ನೆನೇ ಬಂತು. ಅದನ್ನೂ ಹಾಕ್ಲಾ?

ದೊಡ್ಡಪ್ಪ: ಬೇಡ ಮಾರಾಯ. ಅದಿರಲಿ, ರಿಯೊಗೆ ನಮ್ಮ ಕರ್ನಾಟಕದಿಂದ ಎಷ್ಟು ಜನ ಹೋಗಿದ್ದರು?

ಪುಟ್ಟಿ: ನಾಲ್ವರು. ಸುನಿಲ್, ರಘುನಾಥ್, ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ.

ದೊಡ್ಡಪ್ಪ: ಟೋಕಿಯೊಗೆ?

ಪುಟ್ಟಿ: ಗಂಡಸರ ತಂಡದಲ್ಲಿ ಒಬ್ಬರೂ ಇರಲಿಲ್ಲ.

ದೊಡ್ಡಪ್ಪ: ಐದೇ ವರ್ಷದಲ್ಲಿ ನಾಲ್ಕು ಹೋಗಿ ಸೊನ್ನೆ! ಹಾಕಿಗೆ ಹೆಸರಾದ ಕೊಡಗು ಪಕ್ಕದಲ್ಲೇ ಇಟ್ಟುಕೊಂಡು! ಹತ್ತು ಗುಂಪಿಗೆ ಕಳಿಸೋದಿದ್ದರೆ ಇದನ್ನು ಕಳಿಸಿ.

ಚಿಕ್ಕಪ್ಪ: ಫೋಟೋ ಇದ್ರೆ ಕೊಡಿ, ಹಾಕ್ತೀನಿ.