ಬಯಲಿಗೆ ಬಂದರೆ ಆಫ್-ಕ್ಯಾಮೆರಾ ಫ್ಲ್ಯಾಶ್ ಹೊಡೆಯುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ:
ಕ್ಯಾಮೆರಾದ ಪಾಪ್-ಅಪ್ ಫ್ಲ್ಯಾಶ್‌ನಿಂದ ಸ್ಟ್ಯಾಂಡ್ ಮೇಲಿರುವ ಫ್ಲ್ಯಾಶ್ ಅನ್ನು ಎಸ್1 ಸ್ಲೇವ್ ಮೋಡ್‌ನಲ್ಲಿ ಹೊಡೆಸುತ್ತೇನೆ. ಕೋಲಾರದ ಮನೆಯಲ್ಲಿ ಒಂದು ಸಲವೂ ತಪ್ಪಲ್ಲ. ಅಂತರಗಂಗೆ ಬೆಟ್ಟದಲ್ಲಿ ತಂಗಿಯ ಪೋರ್ಟ್ರೇಟ್ ತೆಗೆಯೋಣ ಅಂತ ಹೋದರೆ, ಮಟಮಟ ಮಧ್ಯಾಹ್ನ, ಫ್ಲ್ಯಾಶ್ ಪಕ್ಕದಲ್ಲಿಟ್ಟರೆ ಮನಸ್ಸು ಬಂದಾಗ ಹೊಡೆಯುತ್ತದೆ, ಬಂಡೆ ಹಿಂದೆ ಇಟ್ಟರೆ ಸತ್ತೇ ಹೋಗುತ್ತದೆ. ಬ್ಯಾಟರಿ ಹೊಸದು. ಫ್ಲ್ಯಾಶ್ ಕೆಟ್ಟಿದೆಯಾ?

ಉತ್ತರ:
ಕೆಟ್ಟಿಲ್ಲ, ಸುಮ್ನೆ ರಿಪೇರಿಗೆ ಕೊಡಬೇಡಿ. ಎಸ್1 ಅಂದರೆ ಫ್ಲ್ಯಾಶ್‌ನ ಮುಂದಿರುವ ಪುಟ್ಟ ಕಣ್ಣು ಇನ್ನೊಂದು ಫ್ಲ್ಯಾಶ್‌ನ ಬೆಳಕು ನೋಡಿ ಹೊಡೆಯುವುದು. ಮನೆಯಲ್ಲಿ ಗೋಡೆ, ಸೂರು ಎಲ್ಲ ಬೆಳಕನ್ನು ವಾಪಸ್ ಎಸೆಯುತ್ತವೆ, ಆ ಕಣ್ಣು ಯಾವ ಕಡೆ ತಿರುಗಿದ್ದರೂ ನಡೆಯುತ್ತದೆ. ಬೆಟ್ಟದ ಮೇಲೆ ಗೋಡೆ ಎಲ್ಲಿಂದ ಬರಬೇಕು? ಮೇಲಿಂದ ಬಿಸಿಲು ಬೇರೆ ಆ ಕಣ್ಣನ್ನು ಕುರುಡು ಮಾಡುತ್ತದೆ. ತಕ್ಷಣಕ್ಕೆ, ಫ್ಲ್ಯಾಶ್‌ನ ಬಾಡಿ ತಿರುಗಿಸಿ ಕಣ್ಣು ಕ್ಯಾಮೆರಾ ಕಡೆ ಇರಲಿ, ತಲೆ ಮಾತ್ರ ತಂಗಿ ಕಡೆ. ಪಾಪ್-ಅಪ್ ಮ್ಯಾನ್ಯುಯಲ್‌ನಲ್ಲಿರಲಿ. ಟಿಟಿಎಲ್‌ನಲ್ಲಿದ್ದರೆ, ಅಂದರೆ ಬೆಳಕಿನ ಲೆಕ್ಕ ಕ್ಯಾಮೆರಾಗೇ ಬಿಟ್ಟಿದ್ದರೆ, ಅಳತೆಗಾಗಿ ಮೊದಲು ಬರುವ ಪ್ರೀ-ಫ್ಲ್ಯಾಶ್‌ಗೇ ಸ್ಟ್ಯಾಂಡ್ ಫ್ಲ್ಯಾಶ್ ಹೊಡೆದು ಮುಗಿಸುತ್ತದೆ, ಆಗ ಆ ಮೊದಲ ಮಿಂಚನ್ನು ಲೆಕ್ಕಕ್ಕಿಡದ ಎಸ್2 ಬೇಕು. ಬಂಡೆ ಹಿಂದೆ ಇಡಲೇಬೇಕು ಅಂದರೆ ರೇಡಿಯೋ ಟ್ರಿಗರ್ ಬಿಟ್ಟು ದಾರಿಯಿಲ್ಲ.

ಕೇಳಿದವರು:
ಸ್ನೇಹಿತನ ಹಳೇ ರೇಡಿಯೋ ಟ್ರಿಗರ್ ತಂದೆ, ನಡುವೆ ಒಂದೇ ಪಿನ್ ಇರುವ ಸಾದಾ ಮಾಡೆಲ್. ಈಗ ಬಂಡೆ ಹಿಂದೆಯೂ ಹೊಡೆಯುತ್ತದೆ! ಆದರೆ ಹೊಸ ತಲೆನೋವು. ಕ್ಯಾಮೆರಾ ಅಡ್ಡ ಹಿಡಿದರೆ ಫೋಟೋದ ಕೆಳಭಾಗದಲ್ಲಿ, ಉದ್ದ ಹಿಡಿದರೆ ಪಕ್ಕದಲ್ಲಿ ಕಪ್ಪು ಪಟ್ಟಿ. ಹಿಂದೆ ಬ್ಲರ್ ಬರಲಿ ಅಂತ ಅಪರ್ಚರ್ (ಲೆನ್ಸ್‌ನ ಕಿಂಡಿ) ಎಫ್/4, ಶಟರ್ 1/1000 ಸೆಕೆಂಡ್.

ಉತ್ತರ:
ಇದು ಟ್ರಿಗರ್ ತಪ್ಪಲ್ಲ, ಶಟರ್‌ದು. ಪಟ್ಟಿಯನ್ನು ಝೂಮ್ ಮಾಡಿ ನೋಡಿ, ಪೂರ್ತಿ ಕಪ್ಪಲ್ಲ ಅಲ್ವಾ? ಅಲ್ಲಿ ಬಿಸಿಲಿನ ಬೆಳಕು ಇದೆ, ಫ್ಲ್ಯಾಶ್ ಬೆಳಕು ಮಾತ್ರ ಬಿದ್ದಿಲ್ಲ. 1/1000ದಲ್ಲಿ ಶಟರ್‌ನ ಎರಡು ಪರದೆಗಳ ನಡುವೆ ಒಂದು ಸೀಳು ಮಾತ್ರ ಓಡುತ್ತದೆ, ಸೆನ್ಸರ್ ಒಮ್ಮೆಗೆ ಪೂರ್ತಿ ತೆರೆಯುವುದೇ ಇಲ್ಲ. ಪಾಪ್-ಅಪ್ ಎತ್ತಿದಾಗ ಕ್ಯಾಮೆರಾ ತಾನೇ 1/200 ಆಸುಪಾಸಿಗೆ ನಿಲ್ಲಿಸುತ್ತಿತ್ತು. ಒಂದು ಪಿನ್ ಟ್ರಿಗರ್ ಹಾಕಿದರೆ ಫ್ಲ್ಯಾಶ್ ಇದೆ ಅಂತಲೇ ಅದಕ್ಕೆ ಗೊತ್ತಾಗಲ್ಲ. 1/200ಕ್ಕೆ ಇಳಿಸಿ. ಆಗಲೂ ಅಂಚಿನಲ್ಲಿ ತೆಳ್ಳಗೆ ನೆರಳು ಕಂಡರೆ 1/160, ಹಳೇ ಟ್ರಿಗರ್‌ಗಳು ಸ್ವಲ್ಪ ತಡ ಮಾಡುತ್ತವೆ.

ಈಗ ಬೆಳಕು ಜಾಸ್ತಿಯಾಗುತ್ತದೆ. ನಡುಬಿಸಿಲಿಗೆ ಐಎಸ್‌ಒ 100, 1/200 ಅಂದರೆ ಹೆಚ್ಚುಕಡಿಮೆ ಎಫ್/11. ಕಿಂಡಿ ಕಿರಿದಾಗಿ ಬ್ಲರ್ ಹೋಯಿತು. ಬೇಕೇ ಬೇಕು ಅಂದರೆ 3 ಸ್ಟಾಪ್ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು; ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ) ಹಾಕಿ ಎಫ್/4ಗೆ ಬನ್ನಿ. ಫಿಲ್ಟರ್ ಹಾಕಿದರೆ ಫ್ಲ್ಯಾಶ್ ಪವರ್ ಏರಿಸಬೇಕು ಅಂತ ತುಂಬಾ ಜನ ಹೇಳುತ್ತಾರೆ, ಆದರೆ ಫಿಲ್ಟರ್ ತಿಂದ 3 ಸ್ಟಾಪ್ ಅನ್ನು ಅಪರ್ಚರ್ ವಾಪಸ್ ಕೊಟ್ಟಿರುತ್ತದೆ, ಎಫ್/11ಕ್ಕೆ ಇದ್ದ ಪವರ್ರೇ ಸಾಕು.

ಇನ್ನೊಬ್ಬರು:
ಎಚ್‌ಎಸ್‌ಎಸ್ (ಹೈ-ಸ್ಪೀಡ್ ಸಿಂಕ್, ವೇಗದ ಶಟರ್‌ಗೂ ಫ್ಲ್ಯಾಶ್ ಹೊಂದಿಸುವುದು) ಇರುವ ಟ್ರಿಗರ್ ತಗೊಂಡರೆ 1/1000 ಆರಾಮಾಗಿ ಹೊಡೆಯಬಹುದಲ್ಲ?

ಉತ್ತರ:
ಫ್ಲ್ಯಾಶ್ ಕೂಡ ಎಚ್‌ಎಸ್‌ಎಸ್ ಮಾಡುವಂಥದ್ದಾದರೆ ಹೊಡೆಯಬಹುದು. ಆದರೆ ಅದರಲ್ಲಿ ಫ್ಲ್ಯಾಶ್ ಒಂದೇ ಏಟಿಗೆ ಹೊಡೆಯದೆ ಪಟಪಟ ಅಂತ ಸಣ್ಣ ಸಣ್ಣದಾಗಿ ಮಿಂಚುತ್ತದೆ, ಶಕ್ತಿ ತುಂಬಾ ಸೋರುತ್ತದೆ. ಬೆಳಕು ಮೆತ್ತಗೆ ಮಾಡುವ ಅಂಬ್ರೆಲಾ ಹಾಕಿದರಂತೂ ನಡುಬಿಸಿಲಲ್ಲಿ ಸಣ್ಣ ಸ್ಪೀಡ್‌ಲೈಟ್ (ಇಂಥ ಬ್ಯಾಟರಿ ಫ್ಲ್ಯಾಶ್) ಸೋಲುತ್ತದೆ. ನನ್ನ ಲೆಕ್ಕದಲ್ಲಿ ಮೊದಲು ಎನ್‌ಡಿ, ದುಡ್ಡಿದ್ದರೆ ಆಮೇಲೆ ಎಚ್‌ಎಸ್‌ಎಸ್. ಅದಕ್ಕೂ ಮೊದಲು ದುಡ್ಡೇ ಬೇಡದ ಉಪಾಯ: ಫ್ಲ್ಯಾಶ್ ಹತ್ತಿರ ತನ್ನಿ. 8 ಅಡಿಯಿಂದ 4 ಅಡಿಗೆ ತಂದರೆ ಬೆಳಕು ನಾಲ್ಕು ಪಟ್ಟು. ಸ್ಟ್ಯಾಂಡ್ ಫ್ರೇಮ್‌ಗೆ ಬರುವ ಅಂಚಿನವರೆಗೂ ತನ್ನಿ, ಕಾಲಿಗೆ ಒಂದು ಕಲ್ಲು ಕಟ್ಟಿ, ಬೆಟ್ಟದ ಗಾಳಿಗೆ ಅಂಬ್ರೆಲಾ ಹಾರಿಹೋದೀತು.

ಕೇಳಿದವರು:
1/160, ಎಫ್/11, ಫ್ಲ್ಯಾಶ್ ಹತ್ತಿರ. ಪಟ್ಟಿ ಹೋಯಿತು. ಬ್ಲರ್‌ಗೆ ಎನ್‌ಡಿ ತರಿಸುತ್ತೇನೆ. ಇದೇ ಟ್ರಿಗರ್ ಮುಂದಿನ ವಾರ ಚೌಲ್ಟ್ರಿಗೆ ನಡೆಯುತ್ತಾ?

ಉತ್ತರ:
ನಡೆಯುತ್ತದೆ, ಚಾನೆಲ್ ಮಾತ್ರ ಬದಲಿಸಿ. ಫ್ಯಾಕ್ಟರಿಯಿಂದ ಬಂದ ಚಾನೆಲ್ 1ರಲ್ಲೇ ಎಲ್ಲರೂ ಬಿಟ್ಟಿರುತ್ತಾರೆ, ಅದೇ ಥರದ ಟ್ರಿಗರ್ ಇರುವ ಇನ್ನೊಬ್ಬ ಫೋಟೋಗ್ರಾಫರ್ ಒತ್ತಿದಾಗೆಲ್ಲ ನಿಮ್ಮ ಫ್ಲ್ಯಾಶ್ ಹೊಡೆಯುತ್ತದೆ. ಫ್ಲ್ಯಾಶ್ ಎಸ್1ರಲ್ಲಿ ಉಳಿದಿದ್ದರೂ ಅದೇ ಕಥೆ. ಸಾದಾ ಎಂ (ಮ್ಯಾನ್ಯುಯಲ್) ಮೋಡ್‌ಗೆ ಹಾಕಿಕೊಂಡು ಹೋಗಿ.