ಸ್ಪ್ಯಾನಿಷ್ ಕಂಡೀಷನಲ್: 'ಕೊಳ್ಳುತ್ತಿದ್ದೆ' ಅನ್ನೋಕೆ ಕೊಂಪ್ರಾಬಾನಾ, ಕೊಂಪ್ರರೀಆನಾ?

ಪ್ರಶ್ನೆ
ಕೊಂಪ್ರಾರ್ (ಕೊಳ್ಳು) ಕ್ರಿಯಾಪದದ ಕಂಡೀಷನಲ್ (ಕಲ್ಪಿತ ಸಂದರ್ಭಕ್ಕೆ ಬಳಸುವ) ರೂಪಗಳನ್ನು ಮಾಡೋದು ಹೇಗೆ? 'ಹಣ ಇದ್ದಿದ್ದರೆ ಮನೆ ಕೊಳ್ಳುತ್ತಿದ್ದೆ', 'ಆಗೆಲ್ಲ ದಿನಾ ಪೇಪರ್ ಕೊಳ್ಳುತ್ತಿದ್ದೆ' ಎರಡಕ್ಕೂ ಕನ್ನಡದಲ್ಲಿ ಒಂದೇ ರೂಪ. ಸ್ಪ್ಯಾನಿಷ್‌ನಲ್ಲಿ ಯಾವುದಕ್ಕೆ ಯಾವುದು? 'ಸಿ' ('ಇದ್ದರೆ' ಎಂಬಂಥ ಷರತ್ತಿನ ಪದ) ಇರುವ ಭಾಗಕ್ಕೂ ಕಂಡೀಷನಲ್ ಹಾಕಬೇಕಾ?

ಉತ್ತರ 1
ಮೊದಲು ರೂಪ. ವರ್ತಮಾನ ಕಾಲದಲ್ಲಿ ಮಾಡುವ ಹಾಗೆ ಮೂಲರೂಪದ ಬಾಲ ಕತ್ತರಿಸಬೇಡಿ. ಕೊಂಪ್ರಾರ್ ಇಡಿಯಾಗಿ ಇರಲಿ, ಅದಕ್ಕೇ ಪ್ರತ್ಯಯ ಅಂಟಿಸಿ:

ಯೋ ಕೊಂಪ್ರರೀಆ
ತೂ ಕೊಂಪ್ರರೀಆಸ್
ಎಲ್, ಎಯ್ಯಾ, ಉಸ್ತೆದ್ ಕೊಂಪ್ರರೀಆ
ನೊಸೋತ್ರೊಸ್ ಕೊಂಪ್ರರೀಆಮೊಸ್
ಬೊಸೋತ್ರೊಸ್ ಕೊಂಪ್ರರೀಐಸ್
ಎಯ್ಯೊಸ್, ಉಸ್ತೇದೆಸ್ ಕೊಂಪ್ರರೀಆನ್

ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷ್ ಕಲಿಯುತ್ತಿದ್ದರೆ ಬೊಸೋತ್ರೊಸ್ ('ನೀವೆಲ್ಲ') ಸಾಲು ಬಿಟ್ಟುಬಿಡಿ. ಯೋ ('ನಾನು') ಮತ್ತು ಎಲ್ ('ಅವನು') ರೂಪಗಳು ಒಂದೇ ಆದ್ದರಿಂದ, ಗೊಂದಲವಾಗುವ ಕಡೆ ಸರ್ವನಾಮ ಬಿಡಬೇಡಿ. ಆರೂ ರೂಪಗಳಲ್ಲಿ 'ಈ' ಮೇಲೆ ಒತ್ತು ಚಿಹ್ನೆ ಕಡ್ಡಾಯ.

ಮೂಲರೂಪ ಆರ್, ಏರ್, ಈರ್ ಅಂತ ಮುಗಿಯುವ ಮೂರು ಗುಂಪಿನ ಕ್ರಿಯಾಪದಗಳಿಗೂ ಇವೇ ಪ್ರತ್ಯಯಗಳು. ಎಡವೋದು ಏರ್, ಈರ್ ಗುಂಪುಗಳಲ್ಲಿ: ಕೊಮೀಆ ಅಂದರೆ 'ತಿನ್ನುತ್ತಿದ್ದೆ' ಎಂಬ ಹಳೆಯ ರೂಢಿ, ಕೊಮೆರೀಆ ಕಂಡೀಷನಲ್. ಬಿಬೀಆ, ಬಿಬಿರೀಆ ('ಬದುಕು') ಕೂಡ ಹಾಗೇ. ನಡುವಿನ 'ರ' ನುಂಗಿದರೆ ಕಾಲವೇ ಬದಲಾಗುತ್ತದೆ.

ಉತ್ತರ 2
ಬಳಕೆಗೆ ಬರೋಣ. ಪೇಪರ್ ವಾಕ್ಯ ನಿಜವಾಗಿ ನಡೆಯುತ್ತಿದ್ದ ರೂಢಿ, ಅದಕ್ಕೆ ಕೊಂಪ್ರಾಬಾ (ಇಂಪರ್ಫೆಕ್ಟ್, ಅಂದರೆ ಹಿಂದಿನ ರೂಢಿಯ ಕಾಲ). ಮನೆ ಕೊಳ್ಳೋದು ಬರೀ ಕಲ್ಪನೆ, ಅಲ್ಲಿ ಕೊಂಪ್ರರೀಆ. 'ಆದರೆ ಕೊಳ್ಳಲಿಲ್ಲ' ಅಂತ ಸೇರಿಸಿ ನೋಡಿ, ಅರ್ಥ ಕೂಡಿಬಂದರೆ ಕೊಂಪ್ರಾಬಾ ಅಲ್ಲ.

'ಸಿ' ಭಾಗದಲ್ಲಿ ಕಂಡೀಷನಲ್ ಬೇಡ. ಅಲ್ಲಿ ಇಂಪರ್ಫೆಕ್ಟ್ ಸಬ್ಜಂಕ್ಟಿವ್ (ನಿಜವಲ್ಲದ್ದನ್ನು ಊಹಿಸುವ ರೂಪ, ಇಲ್ಲಿ ತುಬ್ಯೇರಾ) ಬರಬೇಕು: ಸಿ ತುಬ್ಯೇರಾ ದಿನೇರೊ, ಕೊಂಪ್ರರೀಆ ಉನಾ ಕಾಸಾ. ತುಬ್ಯೇರಾ ಜಾಗಕ್ಕೆ ಕಂಡೀಷನಲ್ ಹಾಕಿ 'ಸಿ ತೆಂದ್ರೀಆ' ಅನ್ನೋದು ಸ್ಪೇನ್‌ನ ಉತ್ತರ ಭಾಗದ ಆಡುಮಾತಿನಲ್ಲಿ ಕೇಳಿಸುತ್ತದೆ, ಪರೀಕ್ಷೆಯಲ್ಲಿ ಬರೆದರೆ ತಪ್ಪೇ. ಹಣ ಬರುವ ಸಾಧ್ಯತೆ ನಿಜವಾಗಿ ಇದ್ದರೆ ಕಂಡೀಷನಲ್ಲೇ ಬೇಡ, 'ಸಿ' ಭಾಗಕ್ಕೆ ವರ್ತಮಾನ, ಇನ್ನೊಂದಕ್ಕೆ ಭವಿಷ್ಯತ್ ಸಾಕು: ಸಿ ತೆಂಗೊ ದಿನೇರೊ, ಕೊಂಪ್ರರೇ ಉನಾ ಕಾಸಾ.

ಪ್ರಶ್ನೆ ಕೇಳಿದವರು
'ಹೋದ ವರ್ಷ ಹಣ ಇದ್ದಿದ್ದರೆ ಕೊಳ್ಳುತ್ತಿದ್ದೆ' ಅನ್ನೋಕೂ ಇದೇನಾ? ಸಿನಿಮಾಗಳಲ್ಲಿ 'ಸಿ ತುಬ್ಯೇರಾ ದಿನೇರೊ, ಮೆ ಲೊ ಕೊಂಪ್ರಾಬಾ' ಅಂತಲೂ ಕೇಳಿದೆ.

ಉತ್ತರ 2
ಅಲ್ಲ. ಕನ್ನಡದ 'ಇದ್ದಿದ್ದರೆ' ಈಗಿನ ಕಲ್ಪನೆಗೂ ಕೈತಪ್ಪಿದ ಅವಕಾಶಕ್ಕೂ ಸಲ್ಲುತ್ತದೆ. ಸ್ಪ್ಯಾನಿಷ್ ಎರಡನ್ನೂ ಬೇರೆ ಮಾಡುತ್ತದೆ. ಹೋದ ವರ್ಷದ್ದಾದರೆ: ಸಿ ಉಬ್ಯೇರಾ ತೆನೀದೊ ದಿನೇರೊ, ಅಬ್ರೀಆ ಕೊಂಪ್ರಾದೊ ಉನಾ ಕಾಸಾ. ಕನ್ನಡದಿಂದ ಬರೆಯುವಾಗ 'ಈಗ' ಸೇರಿಸಬೇಕೋ 'ಆಗ' ಸೇರಿಸಬೇಕೋ ಅಂತ ಮೊದಲು ತೀರ್ಮಾನಿಸಿ.

ಕೊಂಪ್ರಾಬಾ ಕೇಳಿಸಿದ್ದು ಸರಿ. ಆಡುಮಾತಿನಲ್ಲಿ ಕಂಡೀಷನಲ್ ಜಾಗಕ್ಕೆ ಇಂಪರ್ಫೆಕ್ಟ್ ಬರುತ್ತದೆ, ನಮ್ಮ 'ಕೊಳ್ಳುತ್ತಿದ್ದೆ' ಥರಾನೇ. ಬರವಣಿಗೆಯಲ್ಲಿ ಮಾತ್ರ ಕೊಂಪ್ರರೀಆ ಇರಲಿ.

ಉತ್ತರ 3
ಸೇರಿಸಬೇಕಾದ್ದು ಎರಡಿದೆ. ಕಂಡೀಷನಲ್ ಹುಟ್ಟಿದ್ದು ಮೂಲರೂಪಕ್ಕೆ ಅಬೇರ್ (ಮೇಲಿನ ಉಬ್ಯೇರಾ, ಅಬ್ರೀಆಗಳ ಮೂಲ) ಕ್ರಿಯಾಪದದ ಭೂತರೂಪ ಅಂಟಿಕೊಂಡು. ಭವಿಷ್ಯತ್ತಿಗೆ ಅಂಟಿದ್ದು ಅದೇ ಅಬೇರ್‌ನ ವರ್ತಮಾನರೂಪ. ಅದಕ್ಕೇ ಭವಿಷ್ಯತ್ತಿನ ಅನಿಯಮಿತ ಧಾತುಗಳೇ ಇಲ್ಲೂ ಬರುತ್ತವೆ: ತೆಂದ್ರೀಆ (ಹೊಂದಿರು), ಪೊದ್ರೀಆ (ಆಗು, ಸಾಧ್ಯವಾಗು), ದಿರೀಆ (ಹೇಳು), ಅರೀಆ (ಮಾಡು). ಹೊಸದಾಗಿ ಉರು ಹೊಡೆಯುವ ಪಟ್ಟಿ ಇಲ್ಲ.

ಇನ್ನೊಂದು, ವರದಿ ಮಾತು, ಅಂದರೆ ಇನ್ನೊಬ್ಬರು ಹೇಳಿದ್ದನ್ನು ಹೇಳೋದು. 'ಫೋನ್ ಮಾಡ್ತೀನಿ ಅಂದ' ಅಂತ ನಾವು ಅವನ ಮಾತನ್ನು ಹಾಗೇ ಇಡುತ್ತೇವೆ. ಸ್ಪ್ಯಾನಿಷ್‌ನಲ್ಲಿ ದೀಹೊ ಕೆ ಯಮರೀಆ. ಇಲ್ಲಿ 'ಸಿ' ಇಲ್ಲ, ಷರತ್ತೂ ಇಲ್ಲ, ಆದರೂ ಕಂಡೀಷನಲ್ಲೇ. ಆಗಿನ ದೃಷ್ಟಿಯಲ್ಲಿ ಅದು ಮುಂದೆ ನಡೆಯಬೇಕಿದ್ದ ಕೆಲಸ. ಷರತ್ತು ಹುಡುಕುತ್ತಾ ಕೂರುವವರು ಇಲ್ಲಿ ಇಂಪರ್ಫೆಕ್ಟ್ ರೂಪ ಯಮಾಬಾ ಬರೆದುಬಿಡುತ್ತಾರೆ.