ಎನ್‌ಇಎಸ್ ಗೇಮ್ ವಿಮರ್ಶೆ: ತಪ್ಪು ಗೇಮಿನದೋ, ಯಂತ್ರದ್ದೋ?

ಹಳೇಕಾರ್ಟ್ರಿಜ್:
ಮೆಗಾ ಮ್ಯಾನ್ 2, ಕ್ಯಾಸಲ್‌ವೇನಿಯಾ 3 ಎರಡರ ವಿಮರ್ಶೆ ಬರೀತಿದ್ದೀನಿ. ಎರಡೂ ನಿಂಟೆಂಡೊದ ಹಳೇ ಗೇಮ್ ಯಂತ್ರ ಎನ್‌ಇಎಸ್‌ನವು. ಆಡ್ತಿರೋದು ಪ್ಯಾಲ್ (ಯುರೋಪಿನ ಟಿವಿ ಪದ್ಧತಿಯ) ಆವೃತ್ತಿ, ರೆಟ್ರೋಆರ್ಚ್ ಅನ್ನೋ ಎಮ್ಯುಲೇಟರಿನಲ್ಲಿ (ಹಳೇ ಯಂತ್ರವನ್ನು ಅನುಕರಿಸೋ ಸಾಫ್ಟ್‌ವೇರ್), ಎಲ್‌ಸಿಡಿ ಟಿವಿ ಮೇಲೆ. ಶತ್ರುಗಳು ಹೆಚ್ಚಾದರೆ ಚಿತ್ರ ಮಿಣುಕುತ್ತೆ, ಬಟನ್ ಒತ್ತಿದ ಮೇಲೆ ಜಿಗಿತ ತಡವಾಗಿ ಬರುತ್ತೆ, ಮೆಗಾ ಮ್ಯಾನ್ ಸಂಗೀತ ಎಳೆದಂತಿದೆ. ಯಾವುದಕ್ಕೆ ಅಂಕ ಕಳೆಯಬೇಕು?

ಎಂಟುಬಿಟ್:
ಮಿಣುಕೋದಕ್ಕೆ ಕಳೆಯಬೇಡಿ. ಎನ್‌ಇಎಸ್ ಪರದೆಯಲ್ಲಿ ಒಟ್ಟು 64 ಸ್ಪ್ರೈಟ್ (ಪಾತ್ರ, ಶತ್ರುಗಳನ್ನು ಕಟ್ಟೋ ಚಲಿಸುವ ಸಣ್ಣ ಚಿತ್ರ) ಇಡಬಹುದು, ಆದರೆ ಒಂದು ಅಡ್ಡಗೆರೆಯಲ್ಲಿ 8 ಮಾತ್ರ. ಒಂಬತ್ತನೆಯದು ಕಾಣೋದೇ ಇಲ್ಲ. ಯಾವುದೋ ಒಂದು ಪೂರ್ತಿ ಮಾಯವಾಗಬಾರದು ಅಂತ ಪ್ರೋಗ್ರಾಮರ್ ಪ್ರತಿ ಫ್ರೇಮಿಗೂ (ಪರದೆ ಮೇಲೆ ಬರೋ ಒಂದೊಂದು ಚಿತ್ರಕ್ಕೂ) ಸರದಿ ಬದಲಿಸ್ತಾರೆ, ಅದೇ ನಿಮಗೆ ಮಿಣುಕಾಗಿ ಕಾಣೋದು. ಎಮ್ಯುಲೇಟರಿನಲ್ಲಿ ಈ ಮಿತಿ ತೆಗೆದು ಆಡಿ ವಿಮರ್ಶೆ ಬರೆಯೋದೂ ಸರಿಯಲ್ಲ. ಕ್ಯಾಸಲ್‌ವೇನಿಯಾ 2ರ ಜೌಗಿನಲ್ಲಿ ನಾಯಕ ಸೈಮನ್ ಕಾಲು ಹೂತಂತೆ ಕಾಣೋದು ಇದೇ ಮಿತಿಯಿಂದ. ತೆಗೆದರೆ ಆ ಕೈಚಳಕವೇ ಹೋಗುತ್ತೆ.

ಆಟ ನಿಧಾನವಾಗೋದು ಬೇರೆ ವಿಷಯ: ಆ ಫ್ರೇಮಿನ ಲೆಕ್ಕ ಸಮಯಕ್ಕೆ ಮುಗಿದಿಲ್ಲ ಅಂತ. ಕಷ್ಟದ ಜಿಗಿತದ ಜಾಗದಲ್ಲೇ ಪದೇಪದೇ ಹಾಗಾದರೆ ಅದನ್ನು ದೋಷ ಅಂತ ಧಾರಾಳವಾಗಿ ಬರೀರಿ.

ಅರವತ್ತುಹರ್ಟ್ಸ್:
ಸಂಗೀತ ಎಳೆಯೋದು ಪ್ಯಾಲ್‌ನಿಂದ. ಸೆಕೆಂಡಿಗೆ 60ರ ಬದಲು 50 ಫ್ರೇಮ್, ಕೋಡ್ ಹೊಂದಿಸದಿದ್ದರೆ ಓಟ, ಸಂಗೀತ ಎಲ್ಲವೂ ಸುಮಾರು 17% ನಿಧಾನ. ಸೂಪರ್ ಮಾರಿಯೋ ಬ್ರದರ್ಸ್‌ನ ಪ್ಯಾಲ್ ಆವೃತ್ತಿಯಲ್ಲಿ ವೇಗ ಹೊಂದಿಸಿದ್ದಾರೆ, ಎಲ್ಲರೂ ಆ ಶ್ರಮ ಪಡಲಿಲ್ಲ. 60 ಫ್ರೇಮಿನ ಎನ್‌ಟಿಎಸ್‌ಸಿ (ಅಮೆರಿಕ, ಜಪಾನಿನ ಟಿವಿ ಪದ್ಧತಿಯ) ಆವೃತ್ತಿಯಲ್ಲಿ ಆಡಿ.

ಕ್ಯಾಸಲ್‌ವೇನಿಯಾ 3ಕ್ಕಂತೂ ಯಾವ ಆವೃತ್ತಿ ಅಂತ ಹೇಳಲೇಬೇಕು. 1989ರ ಜಪಾನೀ ಕಾರ್ಟ್ರಿಜ್‌ನಲ್ಲಿ ವಿಆರ್‌ಸಿ6 ಚಿಪ್ ಇದೆ, ಅದರಿಂದ ಮೂರು ಹೆಚ್ಚುವರಿ ಧ್ವನಿ ಚಾನೆಲ್. ಹೊರದೇಶದ ಕಾರ್ಟ್ರಿಜ್‌ನಲ್ಲಿ ಅವು ಇಲ್ಲ. ಆಡಬಹುದಾದ ಪಾತ್ರಗಳಲ್ಲೊಬ್ಬನಾದ ಗ್ರಾಂಟ್ ಜಪಾನೀ ಆವೃತ್ತಿಯಲ್ಲಿ ಕಠಾರಿ ಎಸೀತಾನೆ, ಹೊರಗೆ ಹತ್ತಿರ ಹೋಗಿ ತಿವೀಬೇಕು. ಆಡೋ ರೀತಿಯೇ ಬೇರೆಯಾಗುತ್ತೆ.

ಫ್ರೇಮೆಣಿಕೆ:
ಜಿಗಿತದ ತಡಕ್ಕೆ ಮೊದಲು ಟಿವಿಯ ಗೇಮ್ ಮೋಡ್ (ಚಿತ್ರದ ತಡ ಕಡಿಮೆ ಮಾಡೋ ಸೆಟ್ಟಿಂಗ್) ಹಾಕಿ. ಆಮೇಲೆ ಗೇಮಿನದೇ ತಡ ಎಷ್ಟು ಅಂತ ಎಣಿಸಿ: ರೆಟ್ರೋಆರ್ಚ್‌ನಲ್ಲಿ ಕೀಬೋರ್ಡಿನ ಪಿ ಒತ್ತಿ ನಿಲ್ಲಿಸಿ, ಜಿಗಿತದ ಬಟನ್ ಹಿಡಿದುಕೊಂಡೇ ಕೆ ಒತ್ತುತ್ತಾ ಒಂದೊಂದು ಫ್ರೇಮ್ ಮುಂದೆ ಹೋಗಿ. ಮೂರನೇ ಒತ್ತಿಗೆ ಪಾತ್ರ ಅಲುಗಿದರೆ ರನ್-ಅಹೆಡ್ (ತಡದ ಫ್ರೇಮುಗಳನ್ನು ಮೊದಲೇ ಓಡಿಸಿ ಮರೆಸೋ ಸೆಟ್ಟಿಂಗ್) 2 ಇಡಬಹುದು, ಎರಡನೆಯದಕ್ಕೇ ಅಲುಗಿದರೆ 1.

ಇನ್ನೊಂದು, ಕ್ಯಾಸಲ್‌ವೇನಿಯಾ 3ರಲ್ಲಿ ನಾಯಕ ಟ್ರೆವರ್ ಜಿಗಿದ ಮೇಲೆ ಗಾಳಿಯಲ್ಲಿ ದಿಕ್ಕು ಬದಲಿಸಲು ಆಗಲ್ಲ. ಅದು ತಡ ಅಲ್ಲ, ವಿನ್ಯಾಸ. ಶತ್ರುಗಳನ್ನೂ ಮೆಟ್ಟಿಲುಗಳನ್ನೂ ಇಟ್ಟಿರೋದೇ ಆ ಬಿಗಿ ಜಿಗಿತದ ಲೆಕ್ಕದಲ್ಲಿ, ಹಾಗಾಗಿ ಅಂಕ ಕೊಡೋದಾದರೆ ಆ ಜೋಡಣೆಗೆ ಕೊಡಿ.

ಹಳೇಕಾರ್ಟ್ರಿಜ್:
ಎಣಿಸಿದೆ, ಎರಡನೇ ಒತ್ತಿಗೆ ಅಲುಗುತ್ತೆ. ರನ್-ಅಹೆಡ್ 2 ಇಟ್ಟಾಗ ಜಿಗಿತದ ಶುರುವೇ ಹಾರಿಹೋದಂತೆ ಕಾಣ್ತಿತ್ತು.

ಫ್ರೇಮೆಣಿಕೆ:
ಗೇಮಿನ ಸ್ವಂತ ತಡಕ್ಕಿಂತ ಹೆಚ್ಚು ಇಟ್ಟರೆ ಚಲನೆಯ ಮೊದಲ ಫ್ರೇಮೇ ನುಂಗಿಹೋಗುತ್ತೆ. 1ಕ್ಕೆ ಇಳಿಸಿ. ಚಿತ್ರದ ಅನುಪಾತ 4:3 ಇದೆಯಾ ನೋಡಿಕೊಳ್ಳಿ, ಚೌಕ ಪಿಕ್ಸೆಲ್‌ನಲ್ಲಿ ಪಾತ್ರಗಳು ಸಣಕಲಾಗಿ ಕಾಣ್ತವೆ.